ಮಗು ‘ಮನೆ’ಯನ್ನು ‘ಮನಿ’ ಅಂತ ಓದಿದರೆ

ವರ್ಣಮಾಲೆಯ 49 ಅಕ್ಷರಗಳನ್ನು ಸಾಲಾಗಿ ಬಾಯಿಪಾಠ ಮಾಡಿಸಿದರೆ ಮಗುವಿಗೆ ಹಾಡು ಬರುತ್ತದೆ, ಓದು ಬರುವುದಿಲ್ಲ. ಸರ್ಕಾರಿ ಶಾಲೆಗಳಲ್ಲಿ ಚಿಕ್ಕ ಮಕ್ಕಳಿಗೆ ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಮನೆಯಲ್ಲೂ ಅಲ್ಲಿಂದಲೇ ಶುರು ಮಾಡಿ. ಈ ಐದರಲ್ಲೇ ಸರ, ರಸ, ದರ, ಅಗಸ, ಅರಸ, ಗರಗಸ ಎಲ್ಲ ಸಿಗುತ್ತವೆ.

ಹಳೆಯ ಲಗ್ನಪತ್ರಿಕೆಯ ಖಾಲಿ ಬದಿಯಲ್ಲಿ ಎರಡಿಂಚಿನ ಚೌಕ ಕತ್ತರಿಸಿ ಅಕ್ಷರ ದಪ್ಪಗೆ ಬರೆಯಿರಿ. ಗ ಎರಡಿರಲಿ, ಗರಗಸಕ್ಕೆ ಬೇಕು. ಚಿತ್ರ ಬೇಡ; ಗೋಡೆಯ ಚಾರ್ಟಿನ ಚಿತ್ರವನ್ನು ಅಂಗೈಯಿಂದ ಮುಚ್ಚಿ ಅಕ್ಷರ ಕೇಳಿದರೆ ಯಾಕೆಂದು ತಿಳಿಯುತ್ತದೆ. ಚೀಟಿ ಜೋಡಿಸಿ, ಒಂದೊಂದರ ಮೇಲೂ ಬೆರಳಿಡಿಸಿ ‘ಸ’, ‘ರ’ ಅನ್ನಿಸಿ. ಆಮೇಲೆ ಬೆರಳನ್ನು ಎತ್ತದೆ ಎಳೆಯುತ್ತ ‘ಸರ’. ದಿನಕ್ಕೆ 15 ನಿಮಿಷ ಸಾಕು, ಆಕಳಿಸಿದರೆ ಅಲ್ಲಿಗೇ ಬಿಡಿ. ಪಾಟಿಯ ಮೇಲೆ ತಿದ್ದಿಸುವುದು ಓದಲು ಬಂದ ಅಕ್ಷರವನ್ನಷ್ಟೇ.

ಇಪ್ಪತ್ತು ಅಕ್ಷರ ಆದ ಮೇಲೆ ಕಾಗುಣಿತ. ‘ಕ ಕಾ ಕಿ ಕೀ’ ಒಂದೇ ಉಸಿರಿಗೆ ಬೇಡ. ಒಂದೇ ಗುರುತನ್ನು ಬಂದ ಅಕ್ಷರಕ್ಕೆಲ್ಲ ಹಚ್ಚಿ: ಗಾ, ಸಾ, ದಾ, ರಾ. ಪು, ವು ಬಂದಾಗ ನಿಲ್ಲಿ. ಇವೆರಡರ ಕೊಂಬು ಕೆಳಗೆ ಅಂಟುತ್ತದೆ, ಬಲಕ್ಕೆ ಬಂದರೆ ‘ವು’ ಹೋಗಿ ‘ಮ’ ಆದೀತು. ಪಕ್ಕಪಕ್ಕ ಬರೆದು ತೋರಿಸಿ.

ಬಾಗಲಕೋಟೆ, ವಿಜಯಪುರದ ಕಡೆ ನಿಜವಾದ ತೊಡಕು ಎತ್ವದ್ದು. ಮನೆಮಾತಿನಲ್ಲಿ ಪದದ ಕೊನೆಯ ‘ಎ’ ಎಲ್ಲ ‘ಇ’: ಮನಿ, ಎಲಿ, ತೆನಿ. ‘ಮನೆ’ ಎಂದು ಬರೆದದ್ದನ್ನು ಮಗು ‘ಮನಿ’ ಅಂದರೆ, ಅರ್ಥ ಹಿಡಿದು ತನ್ನ ಮಾತಿನಲ್ಲಿ ಹೇಳಿರಬಹುದು, ಇಲ್ಲವೇ ಗುರುತೇ ತಿಳಿದಿರಲಿಕ್ಕಿಲ್ಲ. ‘ನೆ’, ‘ನಿ’ ಎರಡನ್ನೂ ಬಿಡಿಯಾಗಿ ತೋರಿಸಿ ಕೇಳಿ. ಸರಿ ಹೇಳಿದರೆ ‘ಮನಿ’ ಅಂದದ್ದು ತಪ್ಪಲ್ಲ, ಬೈಯಬೇಡಿ. “ನಾವು ಮನಿ ಅಂತೀವಿ, ಪುಸ್ತಕದಾಗ ಮನೆ ಅಂತ ಬರದಾರ” ಅಂದರಾಯಿತು. ತಡವರಿಸಿದರೆ ಮಾತ್ರ ಕಲಿಸಬೇಕು: ಗುಡಿಸು (‘ನಿ’ಯಲ್ಲಿನ ‘ಇ’ ಗುರುತು) ತಲೆಯ ಮೇಲೆ ಸುತ್ತಿ ಮುಚ್ಚುತ್ತದೆ, ಎತ್ವ ತೆರೆದೇ ಇರುತ್ತದೆ.

ಬೆಳಗಾವಿಯ ಮರಾಠಿ ಮನೆಗಳ ಮಕ್ಕಳದು ಬೇರೆಯೇ ಪೇಚು. ಮರಾಠಿ ಬರೆಹದಲ್ಲಿ ಎ-ಏ, ಒ-ಓ ಎಂದು ಬೇರೆ ಬೇರೆ ಗುರುತಿಲ್ಲ. ಬೆಳೆ–ಬೇಳೆ, ಕೊಡು–ಕೋಡು ಜೋಡಿಗಳನ್ನು ಓದಿಸಿ, ದೀರ್ಘ ಬಂದಲ್ಲಿ ಚಪ್ಪಾಳೆ ಹೊಡೆಸಿ.

ಒತ್ತಕ್ಷರಕ್ಕೆ ಅಕ್ಕ, ಅಪ್ಪ, ಕಬ್ಬು ಮೊದಲು, ಯಾಕೆಂದರೆ ಇಲ್ಲಿ ಒತ್ತು ಮೂಲ ಅಕ್ಷರದಂತೆಯೇ ಕಾಣುತ್ತದೆ. ತ, ನ, ಮ, ಯ, ರ, ಲ ಒತ್ತುಗಳ ರೂಪವೇ ಬೇರೆ; ಎತ್ತು, ಅನ್ನ, ಬೆಲ್ಲ ಎಂದು ಹೊಸ ಅಕ್ಷರದ ಹಾಗೆ ಕಲಿಸಿ. ಅರ್ಕಾವತ್ತು ಕೊನೆಗಿರಲಿ. ಆ ‘ರ್’ ಗುರುತನ್ನು ಬರೆಯುವುದು ಅಕ್ಷರದ ನಂತರ, ಓದುವುದು ಅಕ್ಷರಕ್ಕಿಂತ ಮೊದಲು.

ಬಸ್ ಸ್ಟ್ಯಾಂಡಿನಲ್ಲಿ ಕಾಯುವ ಹೊತ್ತನ್ನೂ ಬಿಡಬೇಡಿ. ಮೊದಲು ಬಾದಾಮಿ, ಅಥಣಿ. ಒತ್ತು ಬಂದ ಮೇಲೆ ಚಿಕ್ಕೋಡಿ, ಸವದತ್ತಿ. ನಿಂತ ಬಸ್ಸಿನ ಬೋರ್ಡೇ ಆಗಬೇಕು. ಓಡುವ ಬಸ್ಸಿನದಾದರೆ ಮಗು ಊಹಿಸುತ್ತದೆ, ಓದುವುದಿಲ್ಲ.