ಮೊಳಕೆಯಿಂದ ಮರದವರೆಗೆ: ನಮ್ಮ ಬಳಗಕ್ಕೆ ಬ್ಯಾಡ್ಜುಗಳನ್ನು ಅಳವಡಿಸಿದ ನನ್ನ ಅನುಭವ

ಬೆಂಗಳೂರಿನ ತಾರಸಿ ತೋಟಗಾರರ ಆನ್‌ಲೈನ್ ಬಳಗವೊಂದರ ತಾಂತ್ರಿಕ ಉಸ್ತುವಾರಿಯನ್ನು ನಾನು ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಚರ್ಚಾತಾಣ ನಡೆಸಲು ಬಳಸುವ ಡಿಸ್ಕೋರ್ಸ್ ಎಂಬ ಮುಕ್ತ ತಂತ್ರಾಂಶವನ್ನು ನಮ್ಮದೇ ಸರ್ವರಿನಲ್ಲಿ ಹಾಕಿಕೊಂಡಿದ್ದೇವೆ. ಟೊಮೆಟೊ ಹೂ ಏಕೆ ಉದುರುತ್ತದೆ, ದಾಸವಾಳಕ್ಕೆ ಹತ್ತಿದ ಹಿಟ್ಟು ತಿಗಣೆಗೆ ಏನು ಮಾಡಬೇಕು ಎಂದು ಕೇಳುವವರು ದಿನವೂ ಬರುತ್ತಾರೆ. ತಾಳ್ಮೆಯಿಂದ ಉತ್ತರಿಸುವವರು ಬೆರಳೆಣಿಕೆಯಷ್ಟು ಮಂದಿ. ಅವರ ಶ್ರಮ ಎಲ್ಲರಿಗೂ ಕಾಣಬೇಕು, ಅವರ ಜೊತೆಗೆ ಇನ್ನಷ್ಟು ಜನ ಸೇರಬೇಕು ಎಂಬ ಆಸೆಯಿಂದ ಹಂತಹಂತವಾಗಿ ಏರುವ ಬ್ಯಾಡ್ಜುಗಳನ್ನು ರೂಪಿಸಲು ಕುಳಿತೆ.

ಶಾಲೆಯಲ್ಲಿ ನಾನು ಸ್ಕೌಟ್ ಆಗಿದ್ದೆ. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ಅದರಾಚೆಗೆ ರಾಜ್ಯ ಪುರಸ್ಕಾರ ಎಂದು ಸಾಗುವ ಆ ಏಣಿಯಲ್ಲಿ ಪ್ರತಿ ಮೆಟ್ಟಿಲಿಗೂ ಗಂಟು ಹಾಕುವುದು, ಪ್ರಥಮ ಚಿಕಿತ್ಸೆ ಎಂದು ಕೈಯಾರೆ ಮಾಡಿ ತೋರಿಸಬೇಕಾದ ಕೆಲಸಗಳಿದ್ದವು. ಬರಿಯ ಹಾಜರಾತಿಗೆ ಬ್ಯಾಡ್ಜು ಸಿಗುತ್ತಿರಲಿಲ್ಲ. ಇಷ್ಟು ತಿಳಿದಿದ್ದೂ ನನ್ನ ಮೊದಲ ಯೋಜನೆಯಲ್ಲಿ ಎಣಿಸಿದ್ದು ಹಾಜರಾತಿಯನ್ನೇ. ಮೊಳಕೆ, ಸಸಿ, ಗಿಡ, ಮರ ಎಂಬ ನಾಲ್ಕು ಬ್ಯಾಡ್ಜುಗಳನ್ನು ಮಾಡಿ, ಸದಸ್ಯರು ಬರೆದ ಬರಹಗಳ ಸಂಖ್ಯೆಗೆ ಅವನ್ನು ಕಟ್ಟಿಬಿಟ್ಟೆ. ಎರಡೇ ವಾರದಲ್ಲಿ ‘ಚೆನ್ನಾಗಿದೆ’, ‘ನಮ್ಮಲ್ಲೂ ಹೀಗೇ’ ಎಂಬ ಒಂದು ಸಾಲಿನ ಪ್ರತಿಕ್ರಿಯೆಗಳು ತುಂಬಿಕೊಂಡವು. ಉತ್ತರ ಸಿಗದ ಪ್ರಶ್ನೆಗಳು ಹಾಗೆಯೇ ಉಳಿದವು. ಕಾರ್ನೆಲ್ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳ ಸಂಶೋಧಕರು ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋವನ್ನು ಅಭ್ಯಸಿಸಿ 2013ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ನಾನು ಓದಿದ್ದು ಆ ಬಳಿಕ. ಬ್ಯಾಡ್ಜು ಹತ್ತಿರವಾದಂತೆ ಅದು ಎಣಿಸುವ ಕೆಲಸವನ್ನೇ ಜನ ಹೆಚ್ಚು ಮಾಡುತ್ತಾರೆ, ಕೈಗೆ ಸಿಕ್ಕ ಮೇಲೆ ಆ ಉತ್ಸಾಹ ತಗ್ಗುತ್ತದೆ ಎಂದು ಅವರು ತೋರಿಸಿದ್ದರು. ನಮ್ಮ ಸದಸ್ಯರಲ್ಲಿ ತಪ್ಪಿರಲಿಲ್ಲ. ನಾನು ಎಣಿಸಲು ಆರಿಸಿದ ಕೆಲಸವೇ ತಪ್ಪಾಗಿತ್ತು.

ಎರಡನೆಯ ಸಲ ಡಿಸ್ಕೋರ್ಸಿಗೆ ‘ಸಾಲ್ವ್ಡ್’ ಎಂಬ ಪ್ಲಗಿನ್ (ಹೆಚ್ಚುವರಿ ಸೌಲಭ್ಯ) ಹಾಕಿ, ಪ್ರಶ್ನೆ ಕೇಳಿದವರು ‘ಇದೇ ಪರಿಹಾರ’ ಎಂದು ಗುರುತಿಸಿದ ಉತ್ತರಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡೆ. ಮೆಟ್ಟಿಲುಗಳ ಅಂತರವನ್ನು ಊಹೆಯಿಂದ ನಿಗದಿ ಮಾಡದೆ, ತಾಣದ ದತ್ತಾಂಶವನ್ನು ಹುಡುಕಿ ನೋಡುವ ‘ಡೇಟಾ ಎಕ್ಸ್‌ಪ್ಲೋರರ್’ ಬಳಸಿ ಯಾರು ಎಷ್ಟು ಪರಿಹಾರ ಕೊಟ್ಟಿದ್ದಾರೆಂದು ಮೊದಲೇ ನೋಡಿಕೊಂಡೆ. ಮೊಳಕೆಗೆ 1, ಸಸಿಗೆ 10, ಗಿಡಕ್ಕೆ 40 ಎಂದು ನಿಶ್ಚಯಿಸಿ, ಅವಕ್ಕೆ ಕ್ರಮವಾಗಿ ಕಂಚು, ಬೆಳ್ಳಿ, ಚಿನ್ನದ ದರ್ಜೆ ಕೊಟ್ಟೆ. ಮೊದಲ ಮೆಟ್ಟಿಲು ಹೊಸಬರಿಗೂ ಎಟುಕುವಂತಿರಬೇಕು ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಡಿಸ್ಕೋರ್ಸಿನಲ್ಲಿ 0ರಿಂದ 4ರವರೆಗಿನ ವಿಶ್ವಾಸದ ಮಟ್ಟಗಳು ಬೇರೆಯೇ ಇವೆ; ಅವು ಸದಸ್ಯರಿಗೆ ಅಧಿಕಾರವನ್ನೂ ಕೊಡುತ್ತವೆ. ಅವನ್ನು ನಾನು ಮುಟ್ಟಲಿಲ್ಲ. ಬ್ಯಾಡ್ಜು ಗೌರವಕ್ಕಷ್ಟೇ ಇರಲಿ ಎಂಬುದು ನನ್ನ ನಿಲುವು.

ಹೀಗೆ ನಮಗೆ ಬೇಕಾದಂತೆ ಎಣಿಸುವ ಬ್ಯಾಡ್ಜಿಗೆ ಎಸ್‌ಕ್ಯೂಎಲ್ ಪ್ರಶ್ನೆ, ಅಂದರೆ ದತ್ತಾಂಶದಿಂದ ಬೇಕಾದ್ದನ್ನು ಆಯ್ದು ತರುವ ಆಜ್ಞೆ, ಬರೆಯಬೇಕಾಗುತ್ತದೆ. ಸುರಕ್ಷತೆಯ ದೃಷ್ಟಿಯಿಂದ ಈ ಸೌಲಭ್ಯ ಮೊದಲಿಗೆ ಮುಚ್ಚಿರುತ್ತದೆ. ಸರ್ವರಿಗೆ ನೇರವಾಗಿ ಆಜ್ಞೆ ಕೊಡುವ ಕನ್ಸೋಲಿಗೆ ಹೋಗಿ ತೆರೆಯಬೇಕು. ಬ್ಯಾಡ್ಜು ಯಾರಿಗೆ ಎಂಬುದರ ಜೊತೆಗೆ ಯಾವಾಗ ಸಂದಿತು ಎಂಬುದನ್ನೂ ಈ ಪ್ರಶ್ನೆ ಹೇಳಬೇಕು. ಎರಡನೆಯದನ್ನು ನಾನು ಹಗುರವಾಗಿ ತೆಗೆದುಕೊಂಡು, ದಿನಾಂಕದ ಜಾಗದಲ್ಲಿ ‘ಈ ಕ್ಷಣ’ ಎಂದು ಬರೆದೆ. ಅಂದು ಸಂಜೆಯೊಳಗೆ ಹಳಬರಿಗೆಲ್ಲ ಒಟ್ಟಿಗೇ ಸೂಚನೆಗಳು ಹೋದವು. ವರ್ಷಗಳಿಂದ ಉತ್ತರಿಸುತ್ತ ಬಂದಿದ್ದ ಹಿರಿಯರೊಬ್ಬರ ಪುಟದಲ್ಲಿ ಮೊಳಕೆ, ಸಸಿ, ಗಿಡ ಮೂರೂ ಒಂದೇ ದಿನ ಪಡೆದಂತೆ ಕಂಡಿತು. “ನಾನು ನಿನ್ನೆ ಮೊನ್ನೆ ಬಂದವನೇನಪ್ಪಾ?” ಎಂದು ಅವರು ಕೇಳಿದಾಗ ನನಗೆ ನಿಜಕ್ಕೂ ನೋವಾಯಿತು. ಪ್ರತಿಯೊಬ್ಬರ ಪರಿಹಾರಗಳನ್ನು ಕಾಲಕ್ರಮದಲ್ಲಿ ಜೋಡಿಸಿ, ಸಾಲುಸಂಖ್ಯೆ ಕೊಟ್ಟು, ಹತ್ತನೆಯ ಅಥವಾ ನಲವತ್ತನೆಯ ಸಾಲಿನ ದಿನಾಂಕವನ್ನೇ ಆರಿಸುವಂತೆ ಪ್ರಶ್ನೆಯನ್ನು ತಿದ್ದಿದೆ. ಪ್ರಶ್ನೆ ತಿದ್ದಿದ ಮಾತ್ರಕ್ಕೆ ಈಗಾಗಲೇ ಕೊಟ್ಟ ಬ್ಯಾಡ್ಜುಗಳ ದಿನಾಂಕ ಬದಲಾಗುವುದಿಲ್ಲವಾದ್ದರಿಂದ, ಮೂರನ್ನೂ ಅಳಿಸಿ ಹೊಸದಾಗಿ ಮಾಡಬೇಕಾಯಿತು. ಅಳಿಸುವ ಮುನ್ನ ಎಲ್ಲರಿಗೂ ಕಾರಣ ತಿಳಿಸಿದೆ.

ಇನ್ನೊಂದು ಆಯ್ಕೆಯ ಬಗ್ಗೆ ವಿಶೇಷವಾಗಿ ಹೇಳಬೇಕು. ದಿನಕ್ಕೊಮ್ಮೆ ಎಸ್‌ಕ್ಯೂಎಲ್ ಪ್ರಶ್ನೆಯನ್ನು ಓಡಿಸಿ, ಅರ್ಹತೆ ಕಳೆದುಕೊಂಡವರಿಂದ ಬ್ಯಾಡ್ಜನ್ನು ತಾನಾಗಿಯೇ ಹಿಂಪಡೆಯುವ ವ್ಯವಸ್ಥೆ ಡಿಸ್ಕೋರ್ಸಿನಲ್ಲಿದೆ. ನಾವು ಕೆಲವು ಹಳೆಯ ಚರ್ಚೆಗಳನ್ನು ಸಾರ್ವಜನಿಕರಿಗೆ ಕಾಣದ ವಿಭಾಗಕ್ಕೆ ಸರಿಸಿದೆವು. ನನ್ನ ಪ್ರಶ್ನೆ ಸಾರ್ವಜನಿಕ ಬರಹಗಳನ್ನಷ್ಟೇ ಎಣಿಸುತ್ತಿದ್ದುದರಿಂದ ಒಬ್ಬ ಗೃಹಿಣಿಯ ಲೆಕ್ಕ ಹತ್ತರಿಂದ ಎಂಟಕ್ಕೆ ಇಳಿದು, ಮರುದಿನ ಅವರ ಸಸಿ ಮಾಯವಾಗಿತ್ತು. ಅವರು ಮಾಡಿದ ಉಪಕಾರವೇನೂ ಕಡಿಮೆಯಾಗಿರಲಿಲ್ಲ. ಆ ಆಯ್ಕೆಯನ್ನು ಮೂರೂ ಬ್ಯಾಡ್ಜುಗಳಲ್ಲಿ ತೆಗೆದುಹಾಕಿದೆ. ಅವರದನ್ನು ಕೈಯಾರೆ ಮರಳಿ ಕೊಟ್ಟೆ.

ನಾಲ್ಕನೆಯದಾದ ಮರಕ್ಕೆ ಸಂಖ್ಯೆಯ ಗುರಿ ಇಡಲಿಲ್ಲ. ಅದನ್ನು ಉಸ್ತುವಾರಿಯವರು ಕೂಡಿ ನಿರ್ಧರಿಸಿ ಕೈಯಾರೆ ಕೊಡುತ್ತೇವೆ. ಹಾಗೆ ಕೊಡುವಾಗ ಕಾರಣವಾಗಿ ಒಂದು ನಿರ್ದಿಷ್ಟ ಬರಹದ ಕೊಂಡಿಯನ್ನು ಸೇರಿಸಲು ಅವಕಾಶವಿದೆ. ಕೊಂಡಿಯಿಲ್ಲದೆ ಕೊಡಬಾರದೆಂದು ನಿಯಮ ಮಾಡಿಕೊಂಡಿದ್ದೇವೆ. ಮೊದಲ ಮರ ಸಂದದ್ದು ನನ್ನನ್ನು ಪ್ರಶ್ನಿಸಿದ ಆ ಹಿರಿಯರಿಗೇ. ಬೇವಿನೆಣ್ಣೆ ಸಿಂಪಡಿಸಿಯೂ ತಿಗಣೆ ಹೋಗಲಿಲ್ಲವೆಂದು ಬೇಸತ್ತಿದ್ದ ಹೊಸಬರೊಬ್ಬರಿಗೆ, ಎಣ್ಣೆ ನೀರಿನಲ್ಲಿ ಬೆರೆಯಲು ಸೋಪಿನ ದ್ರಾವಣ ಏಕೆ ಬೇಕು, ಬಿಸಿಲಿಳಿದ ಮೇಲೆ ಎಲೆಯ ಅಡಿಭಾಗಕ್ಕೆ ಏಕೆ ಸಿಂಪಡಿಸಬೇಕು ಎಂದು ಅವರು ಬಿಡಿಸಿ ಬರೆದ ಉತ್ತರದ ಕೊಂಡಿ ಈಗ ಅವರ ಬ್ಯಾಡ್ಜಿನ ಜೊತೆಗಿದೆ.