ನಗು ಬಾರದ ಕಾಮಿಡಿ ಸಿನಿಮಾಗೆ ವಿಮರ್ಶೆ ಬರೆಯೋದು ಹೇಗೆ?

ಒಂದು ರಾತ್ರಿ. ಹತ್ತು ಹನ್ನೆರಡು ಜನ ಸಿಂಗಲ್‌ಗಳು. ಬಾರು, ಟ್ಯಾಕ್ಸಿ, ಪಾರ್ಟಿ. ತಾರಾಗಣ ನೋಡಿದರೆ ಯಾರಿಗಾದರೂ ಆಸೆಯಾಗಬೇಕು. ಪೋಸ್ಟರ್‌ನಲ್ಲಿ ಎಲ್ಲರೂ ನಗುತ್ತಿದ್ದಾರೆ. ಸಿನಿಮಾ ಮುಗಿಯೋ ಹೊತ್ತಿಗೆ ನಗುತ್ತಿರೋರು ಅವರು ಮಾತ್ರ. ಈಗ ನೀವು ಇದರ ಬಗ್ಗೆ ಬರೆಯಬೇಕು, ಆದರೆ ‘ಬೋರ್’ ಅನ್ನೋದು ಬಿಟ್ಟು ಬೇರೆ ಪದವೇ ಹೊಳೆಯುತ್ತಿಲ್ಲ.

ನಾನೂ ಹೀಗೇ ಸಿಕ್ಕಿಹಾಕಿಕೊಂಡಿದ್ದೆ. 1999ರ ‘200 ಸಿಗರೆಟ್ಸ್’ ಅನ್ನೋ ಹಾಲಿವುಡ್ ಕಾಮಿಡಿ ನೋಡಿದ ರಾತ್ರಿಯೇ ಬರೆಯೋಕೆ ಕೂತೆ. ಹೆಡ್ಡಿಂಗ್ ಮೊದಲೇ ರೆಡಿ ಇತ್ತು: ‘ಸಿಗರೇಟು 200, ದಮ್ಮು ಮಾತ್ರ ಇಲ್ಲ’. ನನ್ನ ಬೆನ್ನು ನಾನೇ ತಟ್ಟಿಕೊಂಡು ಗೆಳೆಯನಿಗೆ ಕಳಿಸಿದೆ. ಅವನಿಂದ ಒಂದೇ ಸಾಲು ಬಂತು. “ಚೆನ್ನಾಗಿದೆ ಕಣೋ, ಆದ್ರೆ ಯಾಕೆ ದಮ್ಮಿಲ್ಲ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಇಡೀ ಬರಹದಲ್ಲಿ ನಾನು ಹೇಳಿದ್ದು ನನಗೆ ಬೇಜಾರಾಯಿತು ಅನ್ನೋದನ್ನ ಮಾತ್ರ, ಅದೂ ಎಂಟು ಪ್ಯಾರಾದಲ್ಲಿ. ಹಾಗಾಗಿ ಎರಡನೇ ಸಲ ನೋಡಿದೆ, ಪೆನ್ನು ಹಿಡಿದುಕೊಂಡು. ಆಗ ಕಲಿತದ್ದು ಇದು.

ಮೊದಲನೆಯದು, ಅದೇ ರಾತ್ರಿ ಬರೆಯಬೇಡಿ. ಕೋಪ ಇದ್ದಾಗ ಜೋಕು ಬರುತ್ತದೆ, ಕಾರಣ ಬರೋದಿಲ್ಲ. ರಾತ್ರಿ ಮಲಗಿ, ಬೆಳಗ್ಗೆ ಎದ್ದು, ಏನನ್ನೂ ಹುಡುಕದೆ ಒಂದು ಹಾಳೆಯಲ್ಲಿ ಪಾತ್ರಗಳ ಪಟ್ಟಿ ಮಾಡಿ. ಹೆಸರು, ಅವರಿಗೆ ಆ ರಾತ್ರಿ ಬೇಕಾಗಿದ್ದೇನು, ಸಿಕ್ಕಿತಾ ಇಲ್ಲವಾ, ಇಷ್ಟೇ. ಹೆಸರು ನೆನಪಿಲ್ಲದೆ ‘ಆ ಕೂದಲು ನಿಲ್ಲಿಸಿಕೊಂಡವನು’, ‘ಬೀಳ್ತಾನೇ ಇರ್ತಾಳಲ್ಲ, ಅವಳು’ ಅಂತ ಬರೆದಿದ್ದೀರಾ? ಹಾಗೇ ಬಿಡಿ, ತಿದ್ದಬೇಡಿ. ನಿಮ್ಮ ವಿಮರ್ಶೆಗೆ ಮೊದಲ ಸಾಕ್ಷಿ ಸಿಕ್ಕಿತು. ಆ ಪಾತ್ರಕ್ಕೆ ಸಿನಿಮಾ ಒಂದು ವೇಷ ಕೊಟ್ಟಿದೆ, ಆಸೆ ಕೊಟ್ಟಿಲ್ಲ ಅಂತ ಅರ್ಥ.

ಆಮೇಲೆ ಲೆಕ್ಕ ಹಾಕಿ. ನಿಜವಾದ ಲೆಕ್ಕ, ಭಾಗಾಕಾರ. ‘200 ಸಿಗರೆಟ್ಸ್’ ಇರೋದು ಸುಮಾರು 100 ನಿಮಿಷ. ಅದರಲ್ಲಿ 12ಕ್ಕೂ ಹೆಚ್ಚು ಮುಖ್ಯ ಪಾತ್ರಗಳು. 1981ರ ಡಿಸೆಂಬರ್ 31ರ ರಾತ್ರಿ, ನ್ಯೂಯಾರ್ಕ್‌ನ ಈಸ್ಟ್ ವಿಲೇಜ್. ಎಲ್ಲರೂ ಮೋನಿಕಾ ಅನ್ನೋಳ ಮನೆಯ ಪಾರ್ಟಿಗೆ ಹೊರಟವರು, ದಾರಿಯಲ್ಲಿ ಅಲೆಯುವವರು. ಕಥೆಯ ಎಳೆಗಳು ಆರು ಅಂತ ಇಟ್ಟುಕೊಂಡರೂ ಒಂದೊಂದಕ್ಕೆ ಸಿಗೋದು 16-17 ನಿಮಿಷ. ಅದೂ ಒಂದೇ ಸಲಕ್ಕಲ್ಲ, ಎರಡೆರಡು ನಿಮಿಷದ ತುಂಡುಗಳಾಗಿ. ಒಬ್ಬರ ಪರಿಚಯ ಆಗುವಷ್ಟರಲ್ಲಿ ಇನ್ನೊಬ್ಬರ ಹತ್ತಿರ ಹೋಗಬೇಕು, ವಾಪಸ್ ಬಂದಾಗ ಇವರು ಎಲ್ಲಿದ್ದರು ಅನ್ನೋದನ್ನ ಮತ್ತೆ ನೆನಪು ಮಾಡಿಕೊಳ್ಳಬೇಕು. ಊರೆಲ್ಲ ನೆಂಟರು, ಉಣ್ಣೋಕೆ ಎಡೆ ಇಲ್ಲ ಅಂತಾರಲ್ಲ, ಹಾಗೆ.

ಆದರೆ ಇಲ್ಲಿಗೇ ನಿಲ್ಲಿಸಬೇಡಿ. ‘ಪಾತ್ರಗಳು ಜಾಸ್ತಿಯಾಯಿತು’ ಅಂತ ಬರೆದು ಕೈತೊಳೆದುಕೊಳ್ಳೋರೇ ಹೆಚ್ಚು, ಅದು ಅರ್ಧ ಸತ್ಯ. ನಿರ್ದೇಶಕ ರಾಬರ್ಟ್ ಆಲ್ಟ್‌ಮನ್ 1975ರ ‘ನ್ಯಾಶ್‌ವಿಲ್’ನಲ್ಲಿ 24 ಪಾತ್ರಗಳನ್ನು ನಡೆಸಿದ್ದಾನೆ. ಒಂದೇ ಜಾಗಕ್ಕೆ ತಾರೆಗಳನ್ನೆಲ್ಲ ತುಂಬುವ ಉಪಾಯವಂತೂ ಬಹಳ ಹಳೆಯದು. 1932ರ ‘ಗ್ರ್ಯಾಂಡ್ ಹೋಟೆಲ್’ ಬೇರೆ ಯಾವ ವಿಭಾಗದಲ್ಲೂ ನಾಮನಿರ್ದೇಶನ ಇಲ್ಲದೆ ಅತ್ಯುತ್ತಮ ಚಿತ್ರದ ಆಸ್ಕರ್ ಹೊಡೆದುಕೊಂಡು ಹೋಯಿತು. ಜನ ಜಾಸ್ತಿ ಇರೋದು ತಪ್ಪಲ್ಲ. ಒಬ್ಬರಿಗೆ ಆದದ್ದು ಇನ್ನೊಬ್ಬರಿಗೆ ತಟ್ಟದೇ ಇರೋದು ತಪ್ಪು.

ಇದನ್ನ ಪರೀಕ್ಷೆ ಮಾಡೋದು ಸುಲಭ. ಹಾಳೆಯಲ್ಲಿ ಒಂದು ಎಳೆಯನ್ನ ಕೈಯಿಂದ ಮುಚ್ಚಿ. ಉಳಿದ ಎಳೆಗಳಲ್ಲಿ ಏನಾದರೂ ಬದಲಾಗುತ್ತದಾ? ‘200 ಸಿಗರೆಟ್ಸ್’ನಲ್ಲಿ ಕೇಟ್ ಹಡ್ಸನ್ ಮತ್ತು ಜೇ ಮೋರ್ ಅವರ ಎಳೆ ಮುಚ್ಚಿದೆ. ಕ್ರಿಸ್ಟಿನಾ ರಿಚ್ಚಿ, ಗ್ಯಾಬಿ ಹಾಫ್‌ಮನ್ ದಾರಿ ತಪ್ಪಿ ಸುತ್ತುವ ಎಳೆಗೆ ಕೂದಲೂ ಕೊಂಕಲಿಲ್ಲ. ಅದನ್ನ ಮುಚ್ಚಿದೆ, ಪಾಲ್ ರಡ್ ಮತ್ತು ಕರ್ಟ್ನಿ ಲವ್ ಪಾಡಿಗೆ ಅವರು ಜಗಳ ಆಡ್ತಾನೇ ಇದ್ದರು. ದಾರಿಯಲ್ಲಿ ಒಬ್ಬರ ಪಕ್ಕ ಒಬ್ಬರು ಹಾದುಹೋಗ್ತಾರೆ, ಒಂದೇ ಟ್ಯಾಕ್ಸಿ ಹತ್ತುತ್ತಾರೆ, ಆದರೆ ಒಬ್ಬರ ತಪ್ಪಿಂದ ಇನ್ನೊಬ್ಬರ ರಾತ್ರಿ ಹಾಳಾಗೋದು ಕಡಿಮೆ. ಕಾಮಿಡಿಗೆ ಬೇಕಾದ್ದೇ ಅದು, ಅಲ್ವಾ? ಇಂಥ ಸಿನಿಮಾಗಳಲ್ಲಿ ಒಬ್ಬೊಬ್ಬ ನಟನನ್ನೂ ಕೆಲವೇ ದಿನ ಕರೆಸಿ ಅವರವರ ಭಾಗ ಮುಗಿಸಿ ಕಳಿಸಬಹುದು. ದೊಡ್ಡ ಹೆಸರುಗಳನ್ನ ಗುಡ್ಡೆ ಹಾಕೋಕೆ ಅದೇ ಅನುಕೂಲ, ಕಥೆ ಅಂಟಿಕೊಳ್ಳದೇ ಇರೋಕೂ ಅದೇ ಕಾರಣ.

ಬೆಳಗಾದರೆ ಏನಾಗುತ್ತೆ? ಈ ಪ್ರಶ್ನೆಯನ್ನೂ ಹಾಳೆ ಮೇಲೆ ಬರೆದುಕೊಳ್ಳಿ. ಒಂದೇ ರಾತ್ರಿಯಲ್ಲಿ ನಡೆಯೋ ಕಥೆಗೆ ಗಡಿಯಾರವೇ ವಿಲನ್. 1973ರ ‘ಅಮೆರಿಕನ್ ಗ್ರಾಫಿಟಿ’ಯೂ ಒಂದೇ ರಾತ್ರಿಯ ಕಥೆ, ಅಲ್ಲೂ ಹುಡುಗರು ಕಾರಲ್ಲಿ ಸುಮ್ನೆ ಸುತ್ತೋದೇ ಜಾಸ್ತಿ. ಆದರೆ ಬೆಳಗ್ಗೆ ಒಂದು ವಿಮಾನ ಇದೆ. ಕಾಲೇಜಿಗೆ ಹೋಗೋದಾ ಬೇಡವಾ ಅಂತ ಒಬ್ಬ ಒದ್ದಾಡ್ತಿದ್ದಾನೆ. ರಾತ್ರಿಯೆಲ್ಲ ಒಂದು ಬಿಳಿ ಕಾರಿನ ಹುಡುಗಿಯನ್ನು ಹುಡುಕಿದವನು, ಕೊನೆಗೆ ವಿಮಾನದ ಕಿಟಕಿಯಿಂದ ಕೆಳಗೆ ನೋಡಿದರೆ ರಸ್ತೆಯಲ್ಲಿ ಒಂದು ಬಿಳಿ ಕಾರು ಹೋಗ್ತಿದೆ. ಅಷ್ಟೇ. ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಗುತ್ತದೆ. ಸಿಂಗಲ್‌ಗಳ ಕಾಮಿಡಿಯಲ್ಲಿ ಸಾಮಾನ್ಯವಾಗಿ ಆ ವಿಮಾನ ಇರೋದಿಲ್ಲ. ‘ಇವತ್ತು ರಾತ್ರಿ ಒಂಟಿಯಾಗಿ ಮಲಗಬಾರದು’ ಅನ್ನೋದೊಂದೇ ಗುರಿ. ಒಂಟಿಯಾಗಿರೋದು ಜ್ವರದ ಹಾಗೆ, ಬೆಳಗಾಗುವಷ್ಟರಲ್ಲಿ ಇಳಿಯಲೇಬೇಕು ಅನ್ನೋ ಹಠ. ನನಗಂತೂ ಇದು ನಗು ತರಿಸೋದಕ್ಕಿಂತ ಕಿರಿಕಿರಿ ಮಾಡುತ್ತದೆ. ಜ್ವರ ಇಳಿದ ಮೇಲೆ ಇವರಿಬ್ಬರೂ ಏನು ಮಾತಾಡ್ತಾರೆ ಅನ್ನೋದನ್ನ ಯಾರೂ ಯೋಚಿಸಿರೋದಿಲ್ಲ.

ಈಗ ಮುಖ್ಯವಾದ ಕೆಲಸ. ಒಂದೇ ಒಂದು ದೃಶ್ಯ ಆರಿಸಿ, ಅದನ್ನ ಹತ್ತಿರದಿಂದ ತೋರಿಸಿ. ಇಡೀ ಕಥೆ ಹೇಳಬೇಡಿ. ಆರು ಎಳೆಯ ಕಥೆ ಹೇಳೋಕೆ ಹೋದರೆ ಓದುವವರಿಗೆ ನಿಮಗಾದ ಬೇಜಾರೇ ಆಗುತ್ತದೆ, ಉಚಿತವಾಗಿ. ಕೆಟ್ಟ ದೃಶ್ಯವನ್ನೇ ಆರಿಸಬೇಕು ಅಂತಿಲ್ಲ. ಸಿನಿಮಾ ಚೆನ್ನಾಗಿ ಆಗಬಹುದಾಗಿದ್ದ ಜಾಗ ಸಿಕ್ಕರೆ ಇನ್ನೂ ಒಳ್ಳೆಯದು.

ನನಗೆ ಸಿಕ್ಕಿದ್ದು ಮೋನಿಕಾ. ಮಾರ್ಥಾ ಪ್ಲಿಂಪ್ಟನ್ ಮಾಡಿದ ಪಾತ್ರ. ಮನೆ ಅಲಂಕಾರ ಮಾಡಿದ್ದಾಳೆ, ಎಲ್ಲ ಜೋಡಿಸಿಟ್ಟಿದ್ದಾಳೆ, ಯಾರೂ ಬಂದಿಲ್ಲ. ಬಂದಿರೋ ಒಬ್ಬಳೇ ಗೆಳತಿಯನ್ನ ಹೋಗೋಕೂ ಬಿಡೋದಿಲ್ಲ. ಪಾರ್ಟಿ ಕರೆದು ಬಾಗಿಲ ಕಡೆ ಕಿವಿ ಇಟ್ಟು ಕೂತ ಯಾರಿಗಾದರೂ ಈ ಭಯ ಗೊತ್ತು. ಕರೆದವರೆಲ್ಲ ಬೇರೆ ಎಲ್ಲೋ ಖುಷಿಯಾಗಿದ್ದಾರೆ ಅನ್ನೋ ಅನುಮಾನ, ಇಷ್ಟೊಂದು ಕುರ್ಚಿ ಯಾಕೆ ಹಾಕಿದೆ ಅನ್ನೋ ನಾಚಿಕೆ. ಅವಳು ಭಯಕ್ಕೆ ಕುಡೀತಾಳೆ, ಕುಡಿದು ಬೀಳ್ತಾಳೆ, ಅವಳಿಗೆ ಎಚ್ಚರ ಇಲ್ಲದಾಗ ಜನ ಬಂದು ಮನೆ ತುಂಬುತ್ತದೆ. ಅವಳು ಆರಾಧಿಸೋ ಗಾಯಕ ಎಲ್ವಿಸ್ ಕಾಸ್ಟೆಲೊ ಕೂಡ ಬಂದು ಹೋಗಿರ್ತಾನೆ. ಬೆಳಗ್ಗೆ ಅವಳಿಗೆ ಗೊತ್ತಾಗುತ್ತದೆ. ನಗಬೇಕೋ ಅಳಬೇಕೋ ಗೊತ್ತಾಗದ ಇಂಥ ಜಾಗದಲ್ಲೇ ಒಳ್ಳೆಯ ಕಾಮಿಡಿ ಹುಟ್ಟೋದು. ಆದರೆ ಸಿನಿಮಾ ಅವಳ ಹತ್ತಿರ ಒಂದು ನಿಮಿಷ ಕೂತು, ಮತ್ತೆ ಬೀದಿಗೆ ಓಡುತ್ತದೆ, ಅಲ್ಲಿ ಯಾರೋ ಇಬ್ಬರು ಅದೇ ಜಗಳವನ್ನ ನಾಲ್ಕನೇ ಸಲ ಆಡ್ತಿರ್ತಾರೆ. ಇಷ್ಟು ಹೊತ್ತು ಕಾಯಿಸಿದ ಪಾರ್ಟಿಯಲ್ಲಿ ಏನಾಯಿತು, ಯಾರು ಯಾರ ಜೊತೆ ಹೋದರು ಅನ್ನೋದನ್ನ ಕೊನೆಗೆ ಫೋಟೊ ತೋರಿಸಿ ಹೇಳಿ ಮುಗಿಸುತ್ತಾರೆ. ಇದೊಂದು ಪ್ಯಾರಾ ಬರೆದ ಮೇಲೆ ನನಗೆ ‘ದಮ್ಮಿಲ್ಲ’ ಅನ್ನೋ ಪದವೇ ಬೇಕಾಗಲಿಲ್ಲ.

(ಸಿನಿಮಾ ಹಳೆಯದು ಅಂತ ಇಲ್ಲಿ ಎಲ್ಲ ಬಿಚ್ಚಿ ಹೇಳಿದೆ. ಹೊಸ ಸಿನಿಮಾ ಆದರೆ ಯಾರು ಯಾರ ಜೊತೆ ಜೋಡಿಯಾದರು ಅಂತ ಬರೆಯಬೇಡಿ. ನೋಡುವವರಿಗೆ ಉಳಿದಿರೋ ಕುತೂಹಲ ಅದೊಂದೇ.)

ಜೋಕುಗಳ ವಿಷಯಕ್ಕೆ ಬಂದರೆ, ಜೋಕನ್ನ ಬರೆದು ‘ಇದಕ್ಕೆ ನಗು ಬರಲಿಲ್ಲ’ ಅನ್ನಬೇಡಿ. ಕಾಗದದ ಮೇಲೆ ಯಾವ ಜೋಕಿಗೂ ನಗು ಬರೋದಿಲ್ಲ. ಬದಲು, ಅದು ಎಷ್ಟು ಸಲ ಬಂತು ಎಣಿಸಿ. ಹಡ್ಸನ್ ಪಾತ್ರ ಎಡವುತ್ತಾಳೆ, ಬೀಳ್ತಾಳೆ, ಗಲೀಜು ಮಾಡಿಕೊಳ್ತಾಳೆ. ಮೊದಲ ಸಲ ನಗು ಬಂತು, ನಿಜ. ಆಮೇಲೆ ಅವಳು ಕ್ಯಾಮೆರಾ ಮುಂದೆ ಬಂದ ತಕ್ಷಣ ಏನು ಬೀಳುತ್ತೆ ಅಂತ ನಾವೇ ಹುಡುಕೋಕೆ ಶುರು ಮಾಡ್ತೀವಿ. ನಗು ನಮಗಿಂತ ಒಂದು ಹೆಜ್ಜೆ ಮುಂದೆ ಇರಬೇಕು, ಇಲ್ಲಿ ಹಿಂದಿನಿಂದ ಏದುಸಿರು ಬಿಡುತ್ತಾ ಬರುತ್ತದೆ.

ನ್ಯಾಯವಾಗಿರಿ. ಡೇವ್ ಷಪೆಲ್ ಮಾಡಿದ ಡಿಸ್ಕೋ ಟ್ಯಾಕ್ಸಿ ಡ್ರೈವರ್ ಬಂದಾಗಲೆಲ್ಲ ಸಿನಿಮಾಗೆ ಜೀವ ಬರುತ್ತದೆ, ಅದನ್ನ ಬರೆಯಲೇಬೇಕು. ಮೊಬೈಲ್ ಇಲ್ಲದ ಕಾಲ ಆದ್ದರಿಂದ ದಾರಿ ತಪ್ಪೋದಕ್ಕೂ ಒಂದು ಅರ್ಥ ಇದೆ, ಒಮ್ಮೆ ತಪ್ಪಿಸಿಕೊಂಡರೆ ತಪ್ಪಿಸಿಕೊಂಡ ಹಾಗೇ. ಇನ್ನೊಂದು ಸೂಕ್ಷ್ಮ: ನಿಮ್ಮ ನಿರಾಸೆಯಲ್ಲಿ ಸಿನಿಮಾದ ಪಾಲೆಷ್ಟು, ನಿಮ್ಮ ನಿರೀಕ್ಷೆಯ ಪಾಲೆಷ್ಟು ಅಂತ ನೋಡಿಕೊಳ್ಳಿ. ಈ ತಾರಾಗಣ ಇವತ್ತು ನಮಗೆ ದೊಡ್ಡದಾಗಿ ಕಾಣುತ್ತದೆ, ಯಾಕೆಂದರೆ ಇವರಲ್ಲಿ ಹಲವರು ಆಮೇಲೆ ದೊಡ್ಡವರಾದರು. ನಿರ್ದೇಶಕಿ ರೀಸಾ ಬ್ರಾಮನ್ ಗಾರ್ಸಿಯಾಗೆ ಇದು ಮೊದಲ ಸಿನಿಮಾ, ಅದಕ್ಕೂ ಮೊದಲು ಅವರಿಗೆ ಹೆಸರು ಇದ್ದದ್ದು ಪಾತ್ರಕ್ಕೆ ತಕ್ಕ ನಟರನ್ನು ಆರಿಸೋದರಲ್ಲಿ. ಅದು ಗೊತ್ತಾದ ಮೇಲೆ ನನಗೆ ಸಿನಿಮಾ ಸ್ವಲ್ಪ ಅರ್ಥವಾಯಿತು. ಯಾರನ್ನ ಕರೆಯಬೇಕು ಅನ್ನೋದರಲ್ಲಿ ಎಲ್ಲೂ ತಪ್ಪಿಲ್ಲ. ಬಂದವರಿಗೆ ಕೆಲಸ ಇಲ್ಲ.

ನಟರ ಮೈಕಟ್ಟು, ವಯಸ್ಸು, ಸ್ವಂತ ಜೀವನ, ಇವನ್ನೆಲ್ಲ ಎಳೆಯಬೇಡಿ. ನಕ್ಷತ್ರ ಕೊಡೋದಾದರೆ ಬರೆದು ಮುಗಿಸಿದ ಮೇಲೆ ಕೊಡಿ, ಮೊದಲೇ ಎರಡು ಅಂತ ತೀರ್ಮಾನಿಸಿದರೆ ಬರಹ ಎರಡಕ್ಕೆ ತಕ್ಕ ಹಾಗೆ ಬಾಗುತ್ತದೆ. ನನ್ನದು ಎರಡೂವರೆ ಆಯಿತು, ಆ ಅರ್ಧ ಮೋನಿಕಾಗೆ.

ಹೆಡ್ಡಿಂಗ್ ಕೊನೆಗೆ ಇಡಿ. ಮೊದಲು ಹೊಳೆದ ಪಂಚ್ ನಿಮಗಿಂತ ಮುಂಚೆ ಇನ್ನೂ ಹತ್ತು ಜನಕ್ಕೆ ಹೊಳೆದಿರುತ್ತದೆ. ನಾನು ದಮ್ಮಿನ ಜೋಕನ್ನ ಅಳಿಸಿ, ‘ಮೋನಿಕಾ ಮನೆಗೆ ಇನ್ನೂ ಯಾರೂ ಬಂದಿಲ್ಲ’ ಅಂತ ಹಾಕಿ, ಗೆಳೆಯನಿಗೆ ಮತ್ತೆ ಕಳಿಸಿದೆ. ಎರಡು ದಿನ ಬಿಟ್ಟು ಉತ್ತರ ಬಂತು. “ಈಗ ಅರ್ಥ ಆಯ್ತು ಕಣೋ. ಆದ್ರೆ ಆ ದಮ್ಮು ಎಲ್ಲಿ ಹೋಯ್ತು? ಅದೇ ಚೆನ್ನಾಗಿತ್ತು.”