ಗುರ್ ಎನ್ನುವ ನಾಯಿಯನ್ನು ಗದರಬೇಡಿ

ಹೋದ ತಿಂಗಳು ಬೆಂಗಳೂರಿನಲ್ಲಿ ತಂಗಿಯ ಮಗಳ ಮನೆಯಲ್ಲಿ ಹತ್ತು ದಿನ ಇದ್ದೆ. ಅವಳು ಒಂದು ಮುಧೋಳ ನಾಯಿ ಸಾಕಿದ್ದಾಳೆ. ಹೆಸರು ಮಿಂಚು, ಎರಡು ವರ್ಷದ ಗಂಡು. ಮನೆಯೊಳಗೆ ಅವನಷ್ಟು ಸಾಧು ಇನ್ನೊಬ್ಬರಿಲ್ಲ. ನಾನು ಸೊಪ್ಪು ಬಿಡಿಸುತ್ತಾ ಕೂತರೆ ಪಕ್ಕಕ್ಕೆ ಬಂದು, ಉದ್ದನೆಯ ಮೂತಿಯನ್ನು ನನ್ನ ತೊಡೆಯ ಮೇಲಿಟ್ಟು ಮಲಗಿಬಿಡುತ್ತಿದ್ದ. ಅದೇ ಮಿಂಚು ರಸ್ತೆಗೆ ಇಳಿದು ಇನ್ನೊಂದು ನಾಯಿ ಕಂಡನೋ, ಮುಗಿಯಿತು. ಹಿಂಗಾಲ ಮೇಲೆ ನಿಂತು ಒಂದೇ ಸಮ ಬೊಗಳಾಟ. "ದೊಡ್ಡಮ್ಮ, ಇವನಿಗೆ ಏನಾಗುತ್ತೋ ಗೊತ್ತಾಗಲ್ಲ. ವಾಕಿಂಗ್ ಅಂದ್ರೇನೇ ನನಗೆ ಎದೆ ಢವಢವ ಅನ್ನುತ್ತೆ" ಅಂದಳು.

ಮರುದಿನ ಬೆಳಿಗ್ಗೆ ನಾನೂ ಜೊತೆಗೆ ಹೋದೆ. ನಾಯಿಗಿಂತ ಜಾಸ್ತಿ ಅವಳ ಕೈಯನ್ನೇ ನೋಡುತ್ತಾ ನಡೆದೆ. ಹಾಲಿನ ಬೂತಿನ ತಿರುವಿನಲ್ಲಿ ಒಂದು ಕಂದು ಬಣ್ಣದ ಬೀದಿ ನಾಯಿ ಮಲಗಿತ್ತು. ಮಿಂಚು ಅದನ್ನು ಇನ್ನೂ ನೋಡಿರಲಿಲ್ಲ. ಅಷ್ಟರಲ್ಲಿ ಇವಳು ಹಗ್ಗವನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡು ಬಿಗಿಯಾಗಿ ಎಳೆದು ಹಿಡಿದಳು. ಕುತ್ತಿಗೆಗೆ ಬೆಲ್ಟು ಒತ್ತಿದ ಕೂಡಲೇ ಮಿಂಚು ತಲೆ ಎತ್ತಿದ. ಅಮ್ಮನಿಗೆ ಏನೋ ಭಯವಾಗಿದೆ, ಯಾತಕ್ಕೆ ಅಂತ ಸುತ್ತ ಹುಡುಕಿದ. ಕಂದು ನಾಯಿ ಕಣ್ಣಿಗೆ ಬಿತ್ತು. ಶುರುವಾಯಿತು.

ನಲವತ್ತು ವರ್ಷದಿಂದ ನಾಯಿ ಸಾಕಿದ್ದೇನೆ. ಬೀದಿಯಿಂದ ತಂದವು, ನೆಂಟರು ಬಿಟ್ಟುಹೋದವು, ತಾನಾಗಿ ಬಂದು ಜಗಲಿ ಸೇರಿಕೊಂಡವು. ಅಷ್ಟೂ ನಾಯಿಗಳಲ್ಲಿ ಕಂಡಿದ್ದು ಒಂದೇ. ಹಗ್ಗ ಬಿಗಿಯಾದರೆ ನಾಯಿಯೂ ಬಿಗಿಯಾಗುತ್ತದೆ. ಬಿಟ್ಟ ನಾಯಿಗಳು ಎದುರಾಗುವಾಗ ಗಮನಿಸಿ ನೋಡಿ. ಯಾವತ್ತೂ ಮೂತಿಗೆ ಮೂತಿ ಕೊಟ್ಟು ನೇರವಾಗಿ ನಡೆದು ಬರುವುದಿಲ್ಲ. ಸ್ವಲ್ಪ ಬಳಸಿಕೊಂಡು, ಪಕ್ಕದಿಂದ ಬಂದು, ಒಂದರ ಹಿಂಭಾಗವನ್ನು ಇನ್ನೊಂದು ಮೂಸುತ್ತದೆ. ಅದು ಅವುಗಳ ನಮಸ್ಕಾರ. ಬಾಲದ ಬುಡದಲ್ಲಿರುವ ಗ್ರಂಥಿಯ ವಾಸನೆಯಿಂದ ಎದುರಿನದು ಗಂಡೋ ಹೆಣ್ಣೋ, ಪರಿಚಯದ್ದೋ ಹೊಸದೋ ಎಲ್ಲಾ ತಿಳಿಯುತ್ತದೆ. ನಾವು "ಛೀ, ಗಲೀಜು" ಅಂತ ಎಳೆದುಕೊಂಡರೆ ಮಾತು ಅರ್ಧಕ್ಕೇ ನಿಂತ ಹಾಗೆ. ಫುಟ್‌ಪಾತಿನ ಮೇಲೆ ಗಿಡ್ಡ ಹಗ್ಗ ಹಿಡಿದು ಎದುರೆದುರಾಗಿ ನಡೆಸಿಕೊಂಡು ಬರುವುದಂತೂ ಅವುಗಳ ಲೆಕ್ಕದಲ್ಲಿ ಜಗಳಕ್ಕೆ ಕರೆದಂತೆ.

ಆದ್ದರಿಂದ ದೂರದಲ್ಲಿ ಇನ್ನೊಂದು ನಾಯಿ ಕಂಡಾಗಲೇ ರಸ್ತೆಯ ಇನ್ನೊಂದು ಬದಿಗೆ ದಾಟಿಬಿಡಿ. ಹಗ್ಗ ಸಡಿಲ ಇರಲಿ, ನಡಿಗೆ ನಿಲ್ಲದಿರಲಿ. ನಿಮ್ಮ ನಾಯಿ ಆ ಕಡೆ ನೋಡಿ ಸುಮ್ನಿದ್ದರೆ ಆ ಕ್ಷಣದಲ್ಲೇ ಒಂದು ತುಂಡು ತಿಂಡಿ ಬಾಯಿಗೆ ಹಾಕಿ. ಬೇಯಿಸಿದ ಕೋಳಿಯೋ ಮೊಟ್ಟೆಯೋ ಆಗುತ್ತದೆ. ಮನೆಯಲ್ಲಿ ಅದೆಲ್ಲ ಇಲ್ಲದಿದ್ದರೆ ಪನೀರ್ ಚೂರು, ಬೇಯಿಸಿದ ಕ್ಯಾರೆಟ್ ಸಾಕು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಮಾತ್ರ ಬೇಡವೇ ಬೇಡ, ನಾಯಿಗೆ ಅವು ವಿಷ. ಬೊಗಳಲು ಶುರು ಮಾಡಿದ ಮೇಲೆ ತಿಂಡಿ ತೋರಿಸಿದರೆ ಅದು ಕಣ್ಣೆತ್ತಿಯೂ ನೋಡುವುದಿಲ್ಲ. ಹಾಗಾದರೆ ನೀವು ತುಂಬಾ ಹತ್ತಿರ ಬಂದುಬಿಟ್ಟಿದ್ದೀರಿ ಅಂತ ತಿಳಿದು ಹಿಂದಕ್ಕೆ ಸರಿಯಿರಿ. ಎಷ್ಟು ದೂರ ಬೇಕು ಅನ್ನುವುದು ಒಂದೊಂದು ನಾಯಿಗೆ ಒಂದೊಂದು ಥರ. ಮುಧೋಳಕ್ಕೆ ಸ್ವಲ್ಪ ಜಾಸ್ತಿಯೇ ಬೇಕು. ಬಾಗಲಕೋಟೆ ಕಡೆಯ ಈ ತಳಿ ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವಂಥದ್ದು. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು, ನಮ್ಮ ಊರ ಕಡೆಯ ನಾಯಿ ಅಂತ ಆಗ ತುಂಬಾ ಹೆಮ್ಮೆಪಟ್ಟಿದ್ದೆ. ದೂರದಲ್ಲಿ ಏನಾದರೂ ಓಡಿದರೆ ಅದರ ಕಾಲು ತಾನಾಗಿ ಹೊರಡುತ್ತದೆ. ಓಡುವ ಪುಟ್ಟ ನಾಯಿಗಳ ಹತ್ತಿರ ಇಂಥವನ್ನು ಬಿಟ್ಟು ನಂಬಿ ಕೂರಬಾರದು.

ಬಾಲ ಅಲ್ಲಾಡಿಸಿದರೆ ನಾಯಿಗೆ ಖುಷಿ ಅಂತ ಎಲ್ಲರೂ ತಿಳಿದಿದ್ದಾರೆ, ಅಲ್ವಾ? ಅದೊಂದನ್ನೇ ನಂಬಿ ಎಷ್ಟೋ ಜನ ಪೆಟ್ಟು ತಿಂದಿದ್ದಾರೆ. ಬಾಲ ಕೋಲಿನ ಹಾಗೆ ನೆಟ್ಟಗೆ ಮೇಲೆದ್ದು, ತುದಿ ಮಾತ್ರ ಸಣ್ಣಗೆ ಬೇಗ ಬೇಗ ಆಡುತ್ತಿದ್ದರೆ ಅದು ಖುಷಿಯಲ್ಲ, ಕಾವು. ಖುಷಿಯಲ್ಲಿದ್ದರೆ ಸೊಂಟದಿಂದ ಹಿಡಿದು ಹಿಂಭಾಗವೆಲ್ಲ ಬಳುಕುತ್ತದೆ, ಬಾಯಿ ಸಡಿಲವಾಗಿ ತೆರೆದಿರುತ್ತದೆ. 2007ರಲ್ಲಿ ಇಟಲಿಯ ವಿಜ್ಞಾನಿಗಳು ಇದನ್ನೇ ಅಳೆದು ನೋಡಿದರು. ಯಜಮಾನನನ್ನು ಕಂಡಾಗ ನಾಯಿಯ ಬಾಲ ಬಲಕ್ಕೆ ಹೆಚ್ಚು ವಾಲಿತು, ಗುರುತಿಲ್ಲದ ಜೋರು ನಾಯಿಯನ್ನು ಕಂಡಾಗ ಎಡಕ್ಕೆ. ರಸ್ತೆಯಲ್ಲಿ ನಿಂತು ಎಡ ಬಲ ಎಣಿಸಲು ನಮ್ಮಿಂದ ಆಗುವುದಿಲ್ಲ. ಸೊಂಟ ಬಳುಕುತ್ತಿದೆಯೇ ಅಂತ ನೋಡಿದರೆ ಸಾಕು.

ಇನ್ನೂ ಕೆಲವು ಗುರುತುಗಳಿವೆ. ನಿದ್ದೆಯೇ ಬರದ ಹೊತ್ತಿನಲ್ಲಿ ಆಕಳಿಸುವುದು, ತಿನ್ನಲು ಏನೂ ಇಲ್ಲದಿದ್ದರೂ ಮೂಗು ನೆಕ್ಕಿಕೊಳ್ಳುವುದು, ಮುಖ ಆ ಕಡೆ ತಿರುಗಿಸುವುದು, ಇದ್ದಕ್ಕಿದ್ದಂತೆ ನೆಲ ಮೂಸುತ್ತಾ ನಿಲ್ಲುವುದು. "ನನಗೆ ಜಗಳ ಬೇಡಪ್ಪಾ" ಅಂತ ಎದುರಿನ ನಾಯಿಗೆ ಹೇಳುವ ರೀತಿ ಅದು. ಆಗ "ಏ ನಡಿ ನಡಿ" ಅಂತ ಎಳೆಯಬೇಡಿ, ಎರಡು ನಿಮಿಷ ಕೊಡಿ. ಮುಂಗಾಲು ಚಾಚಿ, ಎದೆ ನೆಲಕ್ಕೆ ತಾಗಿಸಿ, ಹಿಂಭಾಗ ಎತ್ತಿದರೆ ಆಟಕ್ಕೆ ಕರೆಯುತ್ತಿದೆ ಅಂತ ಅರ್ಥ. ಆಟದಲ್ಲಿ ಗುರುಗುಟ್ಟಿದರೂ ಹೆದರಬೇಕಿಲ್ಲ. ಒಂದು ಸಲ ಇದು ಮೇಲೆ, ಇನ್ನೊಂದು ಸಲ ಅದು ಮೇಲೆ, ನಡುನಡುವೆ ಮೈ ಒದರಿಕೊಂಡು ನಿಲ್ಲುತ್ತಿದ್ದರೆ ಆಟ ಸರಿಯಾಗಿದೆ. ಒಂದೇ ನಾಯಿ ಅಟ್ಟುತ್ತಾ, ಇನ್ನೊಂದು ಬಾಲ ಮುದುರಿ ನಿಮ್ಮ ಕಾಲ ಸಂದಿಗೆ ನುಗ್ಗುತ್ತಿದ್ದರೆ ಅದು ಆಟವಲ್ಲ, ಕರೆದುಬಿಡಿ. ಎಲ್ಲಕ್ಕಿಂತ ಎಚ್ಚರ ಬೇಕಾದ್ದು ನಾಯಿ ಕಲ್ಲಿನ ಹಾಗೆ ನಿಂತುಬಿಟ್ಟಾಗ. ಉಸಿರು ಕೂಡ ಹಿಡಿದಂತೆ ಇರುತ್ತದೆ. ಅದರ ಮುಂದಿನದು ಬಾಯಿ ಹಾಕುವುದೇ.

ಈ ಮಾತು ನಾನು ಕಲಿತಿದ್ದು ನಮ್ಮ ಕರಿಯನಿಂದ. ಇಪ್ಪತ್ತೈದು ವರ್ಷದ ಹಿಂದೆ, ಮೈಸೂರಿನ ಮನೆಯಲ್ಲಿ. ಪಕ್ಕದ ಮನೆಯವರು ಒಂದು ಪಮೇರಿಯನ್ ಮರಿ ತಂದಿದ್ದರು. ಅದು ದಿನಾ ನಮ್ಮ ಜಗಲಿಗೆ ಬರುತ್ತಿತ್ತು. ಕರಿಯ ಮುದ್ದೆ ತಿನ್ನುವಾಗ ತಟ್ಟೆಯ ಹತ್ತಿರ ಬಂದರೆ ಗುರ್ ಅನ್ನುತ್ತಿದ್ದ. ನಾನು ಪೇಪರ್ ಸುತ್ತಿ ನೆಲಕ್ಕೆ ಬಡಿದು, "ಥೂ, ನಾಚಿಕೆ ಆಗಲ್ವಾ, ಅಷ್ಟು ಚಿಕ್ಕ ಮರಿಗೆ" ಅಂತ ಗದರುತ್ತಿದ್ದೆ. ಸ್ವಲ್ಪ ದಿನಕ್ಕೆ ಗುರ್ ಅನ್ನುವುದನ್ನು ಬಿಟ್ಟ. ಎಷ್ಟು ಒಳ್ಳೆಯ ಬುದ್ಧಿ ಕಲಿತ ಅಂತ ಎಲ್ಲರ ಹತ್ತಿರ ಹೇಳಿಕೊಂಡೆ. ಒಂದು ಮಧ್ಯಾಹ್ನ ಅವನು ಜಗಲಿಯಲ್ಲಿ ಮೂಳೆ ಇಟ್ಟುಕೊಂಡು ಮಲಗಿದ್ದ. ಮರಿ ಬಂತು. ನಾನು ನಾಲ್ಕು ಹೆಜ್ಜೆ ದೂರದಲ್ಲಿ ಹೂ ಕಟ್ಟುತ್ತಿದ್ದೆ, ಎಲ್ಲಾ ಕಣ್ಣೆದುರಿಗೇ ನಡೆಯಿತು. ಅಗಿಯುತ್ತಿದ್ದ ಬಾಯಿ ನಿಂತಿತು. ತುಟಿ ಬಿಗಿಯಾಯಿತು. ತಲೆ ಅಲ್ಲಾಡಿಸದೆ ಕಣ್ಣನ್ನು ಮಾತ್ರ ಓರೆ ಮಾಡಿದ, ಬಿಳಿಗುಡ್ಡೆ ಅಂಚಿನಲ್ಲಿ ಅರ್ಧಚಂದ್ರದ ಹಾಗೆ ಕಂಡಿತು. ಒಂದು ಸದ್ದಿಲ್ಲ. ಮರುಕ್ಷಣ ಮರಿಯ ಕಿವಿ ಹರಿದಿತ್ತು.

ಆರು ಹೊಲಿಗೆ ಬಿತ್ತು. ಮರಿ ಉಳಿಯಿತು. ಆದರೆ ತಪ್ಪು ಕರಿಯನದಲ್ಲ, ನನ್ನದು. "ಹತ್ತಿರ ಬರಬೇಡ" ಅಂತ ಹೇಳಲು ಅವನಿಗಿದ್ದ ಒಂದೇ ಮಾತನ್ನು ನಾನು ಕಿತ್ತುಕೊಂಡಿದ್ದೆ. ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಗುರ್ ಎಂದರೆ ನಾಯಿ ಇನ್ನೂ ಕಚ್ಚದೆ ಮಾತಾಡುತ್ತಿದೆ ಅಂತ ತಿಳಿಯಿರಿ. ಅದನ್ನು ಬೈಯಬೇಡಿ, ಹೊಡೆಯಬೇಡಿ. ಮರಿಯನ್ನು ಎತ್ತಿಕೊಳ್ಳಿ, ಇಲ್ಲವೇ ಕರೆದು ದೂರ ಒಯ್ಯಿರಿ. ಬೊಗಳುವ ನಾಯಿ ಕಚ್ಚುವುದಿಲ್ಲ ಅನ್ನುವ ಗಾದೆಯನ್ನಂತೂ ಮನೆಯಲ್ಲಿ ನಾಯಿ ಇರುವವರು ಮರೆತುಬಿಡಿ. ಬೊಗಳುವ ನಾಯಿಯೂ ಕಚ್ಚುತ್ತದೆ, ಬೊಗಳದ ನಾಯಿಯೂ ಕಚ್ಚುತ್ತದೆ.

ಮನೆಗೆ ಎರಡನೇ ನಾಯಿ ತರುವವರು ಕೇಳಿ. ಹೊಸದನ್ನು ನೇರ ಮನೆಯೊಳಗೆ ತಂದು ಬಿಡಬೇಡಿ. ಹಳೆಯದಕ್ಕೆ ಅದು ತನ್ನ ಮನೆ. ಎರಡನ್ನೂ ಹೊರಗೆ, ಯಾರಿಗೂ ಸೇರದ ಮೈದಾನದಲ್ಲೋ ಖಾಲಿ ರಸ್ತೆಯಲ್ಲೋ, ಇಬ್ಬರು ಹಿಡಿದುಕೊಂಡು ಒಂದೇ ದಿಕ್ಕಿಗೆ ನಡೆಸಿ. ಮೊದಲು ನಡುವೆ ರಸ್ತೆಯಷ್ಟು ಅಂತರ, ಆಮೇಲೆ ನಿಧಾನವಾಗಿ ಹತ್ತಿರ. ಅರ್ಧ ಗಂಟೆ ಜೊತೆಗೆ ನಡೆದ ನಾಯಿಗಳು ಒಟ್ಟಿಗೆ ಒಳಗೆ ಬಂದರೆ ಅರ್ಧ ಜಗಳ ಕಡಿಮೆ. ತಟ್ಟೆ ಬೇರೆ, ಊಟದ ಜಾಗ ಬೇರೆ, ಸಾಧ್ಯವಾದರೆ ನಡುವೆ ಬಾಗಿಲು. ಮೂಳೆ, ಚೆಂಡು ಎಲ್ಲಾ ಮೊದಲ ಕೆಲವು ವಾರ ಎತ್ತಿಡಿ. ಮುದಿ ನಾಯಿಗೆ ಮರಿಯ ಕಾಟವಿಲ್ಲದೆ ಮಲಗಲು ಒಂದು ಮೂಲೆ ಬೇಕೇ ಬೇಕು. ಮರಿ ಬಾಲ ಕಚ್ಚಿದಾಗ ಅದು ಒಮ್ಮೆ ಗದರಿದರೆ ಬಿಟ್ಟುಬಿಡಿ. ದೊಡ್ಡವರು ಚಿಕ್ಕವರಿಗೆ ಹೇಳಿಕೊಡುತ್ತಿದ್ದಾರೆ.

ಮರಿಯಿಂದಲೇ ಶುರು ಮಾಡಿದರೆ ಇಷ್ಟೆಲ್ಲಾ ಪಾಡಿಲ್ಲ. ಮೂರನೇ ವಾರದಿಂದ ಸುಮಾರು ಹನ್ನೆರಡು, ಹದಿನಾಲ್ಕನೇ ವಾರದವರೆಗೆ ಕಂಡಿದ್ದೆಲ್ಲ ಅದಕ್ಕೆ ತನ್ನವರು. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ಇಬ್ಬರು ವರ್ಷಗಟ್ಟಲೆ ಮರಿಗಳನ್ನು ಬೆಳೆಸಿ ನೋಡಿ ಇದನ್ನು 1960ರ ದಶಕದಲ್ಲೇ ತೋರಿಸಿಕೊಟ್ಟರು. ಕಷ್ಟ ಏನೆಂದರೆ ಅದೇ ವಯಸ್ಸಿನಲ್ಲಿ ಪಾರ್ವೋ ಕಾಯಿಲೆಯ ಭಯ, ವಾಂತಿ ಭೇದಿ ಹಿಡಿಸಿ ಮರಿಯ ಜೀವ ತೆಗೆಯುವ ಸೋಂಕು ಅದು. ಇಂಜೆಕ್ಷನ್ ಆರರಿಂದ ಎಂಟನೇ ವಾರಕ್ಕೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಮ್ಮೆ ಹಾಕುತ್ತಾ ಹದಿನಾರನೇ ವಾರದ ತನಕ ಹೋಗುತ್ತದೆ. ಅಲ್ಲಿಯವರೆಗೆ ಬೀದಿಯ ನೆಲಕ್ಕೆ ಬಿಡಬೇಡಿ, ಆದರೆ ಕೋಣೆಯಲ್ಲೂ ಕೂಡಿಹಾಕಬೇಡಿ. ಕಂಕುಳಲ್ಲಿ ಎತ್ತಿಕೊಂಡು ಸಂಜೆ ಬೀದಿ ತೋರಿಸಿ. ಇಂಜೆಕ್ಷನ್ ಎಲ್ಲಾ ಆಗಿರುವ ನೆಂಟರ ಮನೆಯ ಸಾಧು ನಾಯಿಯ ಜೊತೆ ಆಡಿಸಿ.

ಬೀದಿ ನಾಯಿಗಳ ವಿಷಯ ಬೇರೆ. ಅವಕ್ಕೆ ಗಡಿ ಇದೆ. ಈ ಕಂಬದಿಂದ ಆ ಟೀ ಅಂಗಡಿಯವರೆಗೆ ನಮ್ಮದು ಅಂತ. ನಿಮ್ಮ ನಾಯಿ ಆ ಗಡಿಯೊಳಗೆ ಕಾಲಿಟ್ಟರೆ ಕೇಳುವುದು ಅವುಗಳ ಕೆಲಸ. ದಿನಾ ಒಂದೇ ದಾರಿಯಲ್ಲಿ, ಒಂದೇ ಹೊತ್ತಿಗೆ ಹೋದರೆ ಕೆಲವು ದಿನದಲ್ಲಿ ಗುರುತು ಹಿಡಿದು ಬಿಟ್ಟುಬಿಡುತ್ತವೆ. ಅಟ್ಟಿಕೊಂಡು ಬಂದರೆ ಓಡಬೇಡಿ, ಕಲ್ಲು ಎಸೆಯಬೇಡಿ, ನಿಮ್ಮ ನಾಯಿಯನ್ನು ಹಿಂದೆ ಮಾಡಿಕೊಂಡು ನಿಧಾನಕ್ಕೆ ಗಡಿ ದಾಟಿ. ಕಿವಿಯ ತುದಿಯಲ್ಲಿ ಕತ್ತರಿಸಿದ ಗುರುತಿದ್ದರೆ ಮರಿಯಾಗದಂತೆ ಆಪರೇಷನ್ ಆಗಿದೆ, ಆಗ ರೇಬಿಸ್ ಇಂಜೆಕ್ಷನ್ನೂ ಕೊಟ್ಟಿರುತ್ತಾರೆ. ಮಳೆ ಮುಗಿಯುವ ಕಾಲದಿಂದ ಕಾರ್ತಿಕ ಮಾಸದ ತನಕ ಅವುಗಳ ಬೆದೆಯ ಕಾಲ, ಗಂಡುಗಳ ಜಗಳ ಜಾಸ್ತಿ. ನಿಮ್ಮ ಮನೆಯ ಹೆಣ್ಣು ನಾಯಿ ಬೆದೆಗೆ ಬಂದರೆ ಸುಮಾರು ಮೂರು ವಾರ ಒಬ್ಬಂಟಿಯಾಗಿ ಅಂಗಳಕ್ಕೂ ಬಿಡಬೇಡಿ. ಆರಡಿ ಕಾಂಪೌಂಡ್ ಹಾರಿ ಬಂದ ಗಂಡು ನಾಯಿಗಳನ್ನು ನಾನೇ ಕಂಡಿದ್ದೇನೆ. ಮರಿ ಬೇಡವಾದರೆ ಆಪರೇಷನ್ ಮಾಡಿಸಿ.

ಗೇಟಿನ ಹಿಂದೆ ನಿಂತು ಹೋಗುವ ಬರುವ ನಾಯಿಗೆಲ್ಲ ದಿನವಿಡೀ ಬೊಗಳುವ ಅಭ್ಯಾಸ ಕೆಟ್ಟದ್ದು. ತಾನು ಬೊಗಳಿದ್ದಕ್ಕೇ ಅದು ಓಡಿಹೋಯಿತು ಅಂತ ದಿನಾ ಗೆದ್ದ ಹಾಗೆ ಆಗುತ್ತದೆ. ಗೇಟಿನ ಕೆಳಭಾಗಕ್ಕೆ ಒಂದು ತಗಡೋ ಹಳೆಯ ಚಾಪೆಯೋ ಕಟ್ಟಿ. ಕಾಣದಿದ್ದರೆ ಬೊಗಳುವುದು ಅರ್ಧ ಕಡಿಮೆಯಾಗುತ್ತದೆ.

ಇಷ್ಟಾದರೂ ಕಾದಾಟ ಬಿದ್ದರೆ ನಡುವೆ ಕೈ ಹಾಕಬೇಡಿ. ಬೆಲ್ಟು ಹಿಡಿಯಲು ಹೋಗಿ ಕಚ್ಚಿಸಿಕೊಂಡವರೇ ಜಾಸ್ತಿ. ನಿಮ್ಮದೇ ನಾಯಿ, ಆ ಹೊತ್ತಿನಲ್ಲಿ ಯಾರ ಕೈ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಒಂದು ಬಕೆಟ್ ನೀರು ಮುಖಕ್ಕೆ ಎರಚಿ. ಸ್ಟೀಲ್ ತಟ್ಟೆ ನೆಲಕ್ಕೆ ಬಡಿಯಿರಿ. ಗೋಣಿಚೀಲವೋ ಕಂಬಳಿಯೋ ಮೇಲೆ ಎಸೆಯಿರಿ, ಹಲಗೆಯನ್ನೋ ಕುರ್ಚಿಯನ್ನೋ ನಡುವೆ ತೂರಿಸಿ. ಬಿಟ್ಟ ಮೇಲೆ ಕೂದಲು ಸರಿಸಿ ಮೈಯೆಲ್ಲ ನೋಡಿ. ಹಲ್ಲಿನ ಗಾಯ ಮೇಲೆ ಸಾಸಿವೆಯಷ್ಟು, ಒಳಗೆ ಆಳ, ಎರಡು ದಿನಕ್ಕೆ ಕೀವು ಕಟ್ಟುತ್ತದೆ. ಅದೇ ದಿನ ಪಶುವೈದ್ಯರಿಗೆ ತೋರಿಸಿ. ಕಚ್ಚಿದ್ದು ಬೀದಿ ನಾಯಿಯಾದರೆ ವರ್ಷದ ರೇಬಿಸ್ ಇಂಜೆಕ್ಷನ್ ಆಗಿದ್ದರೂ ಇನ್ನೊಂದು ಹಾಕಿಸಿ. ಮನುಷ್ಯರಿಗೆ ಹಲ್ಲು ತಾಗಿದರೆ, ಗೀರಿದ್ದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚಬೇಡಿ. ಸೀದಾ ಆಸ್ಪತ್ರೆಗೆ ಹೋಗಿ, ಅವರು ಕೊಟ್ಟ ತಾರೀಖಿನ ಒಂದು ಇಂಜೆಕ್ಷನ್ನನ್ನೂ ತಪ್ಪಿಸಬೇಡಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಜೀವ ಉಳಿಸಲು ಔಷಧಿ ಇಲ್ಲ.

ಎಲ್ಲಾ ನಾಯಿಗೂ ಗೆಳೆಯರು ಬೇಕು ಅಂತೇನಿಲ್ಲ. ತನ್ನ ಪಾಡಿಗೆ ತಾನು ಇರುವ ನಾಯಿಯನ್ನು ಪಾರ್ಕಿಗೆ ಎಳೆದೊಯ್ದು ಹತ್ತು ನಾಯಿಯ ನಡುವೆ ಬಿಡುವುದು ಅದಕ್ಕೆ ಶಿಕ್ಷೆ. ಮಿಂಚು ಅಂಥವನೇ ಅಂತ ನನಗೆ ಅನ್ನಿಸಿತು. ತಂಗಿಯ ಮಗಳಿಗೂ ಅದನ್ನೇ ಹೇಳಿದೆ, "ಅವನು ಯಾರನ್ನೂ ಪ್ರೀತಿಸಬೇಕಿಲ್ಲಮ್ಮ, ಪಕ್ಕದಲ್ಲಿ ಹಾದುಹೋದರೆ ಸಾಕು."

ಒಂಬತ್ತನೇ ದಿನ ಬೆಳಿಗ್ಗೆ ಮತ್ತೆ ಅದೇ ಹಾಲಿನ ಬೂತಿನ ತಿರುವು. ಕಂದು ನಾಯಿ ಎದ್ದು ನಿಂತಿತ್ತು. ಇವಳು ಹಗ್ಗ ಸುತ್ತಿಕೊಳ್ಳಲು ಹೋಗಿ, ನೆನಪಾಗಿ ಕೈ ಸಡಿಲ ಬಿಟ್ಟು ಆ ಬದಿಗೆ ದಾಟಿದಳು. ಮಿಂಚು ನಿಂತ. ಆ ಕಡೆ ನೋಡಿದ. ಮೂಗು ನೆಕ್ಕಿಕೊಂಡು, ಲೈಟು ಕಂಬದ ಬುಡವನ್ನು ತುಂಬಾ ಹೊತ್ತು ಮೂಸಿದ. ಆಮೇಲೆ ಮೈ ಒಂದು ಸಲ ಒದರಿಕೊಂಡು, ಇವಳ ಜೇಬಿನ ಕಡೆ ಮೂತಿ ಎತ್ತಿದ.